ಪುಟ್ಟಗಂಗಮ್ಮನ ಹೆಸರಿನಲ್ಲಿ ಎಂಟು ವರ್ಷ

ತಿಪಟೂರಿನ ಕೊಬ್ಬರಿ ಪುಡಿ ಕಾರ್ಖಾನೆಯೊಂದರಲ್ಲಿ ಭೂತಮ್ಮ ಕಾಯಿಯ ಕಂದು ಸಿಪ್ಪೆ ಹೆರೆಯುವ ಕೆಲಸಕ್ಕಿದ್ದಳು. ಬೆಳಿಗ್ಗೆ ಹಾಜರಿ ಕೂಗುವಾಗ "ಪುಟ್ಟಗಂಗಮ್ಮ" ಅಂದರೆ ಅವಳೇ "ಬಂದಿವ್ನಿ" ಅನ್ನುತ್ತಿದ್ದಳು. ಪುಟ್ಟಗಂಗಮ್ಮ ಅವಳ ಚಿಕ್ಕಪ್ಪನ ಮಗಳು. ಮೊದಲು ಅಲ್ಲಿ ಕೆಲಸಕ್ಕಿದ್ದ ಆಕೆ ೧೯೭೬ರಲ್ಲಿ ಮದುವೆಯಾಗಿ ಸಂಪಿಗೆ ಎಂಬ ಊರಿಗೆ ಹೋದಾಗ ಆ ಜಾಗಕ್ಕೆ ಭೂತಮ್ಮ ಬಂದಿದ್ದಳು. "ಪುಸ್ತಕಕ್ಕೆ ಹೊಸ ಹೆಸರು ಹತ್ತಿಸೋದು ಬ್ಯಾಡ ಅಂತಾರೆ ಮಾಲೀಕರು. ಅವಳ ಹೆಸರಲ್ಲೇ ನಡೀಲಿ ಬುಡು" ಎಂದಿದ್ದರು ಗುಮಾಸ್ತ ಸದಾಶಿವಯ್ಯ. ಕೆಲಸ ಸಿಕ್ಕಿದ ಖುಷಿಯಲ್ಲಿ ಅವಳು ತಲೆ ಕೆಡಿಸಿಕೊಳ್ಳಲಿಲ್ಲ.

ಎಂಬತ್ನಾಲ್ಕರಲ್ಲಿ ಕಾರ್ಖಾನೆ ಕೆಲವು ಹೆಂಗಸರನ್ನು ತೆಗೆಯಿತು. ಉಳಿದವರ ಪಟ್ಟಿಯಲ್ಲಿ ಭೂತಮ್ಮ ಇರಲಿಲ್ಲ, ಪುಟ್ಟಗಂಗಮ್ಮನೂ ಇರಲಿಲ್ಲ.

"ಪುಟ್ಟಗಂಗಮ್ಮ ಲಗ್ನ ಆಗಿ ಹೋದವಳು, ಅದಕ್ಕೇ ತೆಗೆದವ್ರೆ. ಭೂತಮ್ಮ ಅನ್ನೋರು ಪುಸ್ತಕದಲ್ಲೇ ಇಲ್ಲ ಕಣಮ್ಮ" ಎಂದರು ಸದಾಶಿವಯ್ಯ, ಮುಖ ನೋಡದೆ.

"ಹಂಗಾದ್ರೆ ಎಂಟು ವರ್ಷ ಇಲ್ಲಿ ಕುಂತಿದ್ದೋಳು ಯಾರು ಅಯ್ನೋರೆ? ಪುಸ್ತಕ ತೋರ್ಸಿ."

"ಅದನ್ನೆಲ್ಲ ತೋರ್ಸಂಗಿಲ್ಲ."

ಹಾಲ್ಕುರಿಕೆಯ ತನ್ನ ಮನೆಯಲ್ಲಿ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಲೆ ಮೇಲೆ ಮುದ್ದೆ ತಳ ಹತ್ತಿ ಕರಕಲಾಯಿತು. ನೀರಿಗೆ ಹೋದವಳು ಖಾಲಿ ಕೊಡ ಹೊತ್ತು ವಾಪಸು ಬಂದಳು. ತಾನು ಯಾವತ್ತೂ ಪೂರ್ತಿ ನೋಡದ ಆ ಪುಸ್ತಕ ಕಣ್ಣ ಮುಂದಿನಿಂದ ಸರಿಯಲೇ ಇಲ್ಲ. ಪ್ರತಿ ವಾರ ಹೆಬ್ಬೆಟ್ಟು ಒತ್ತುವಾಗ ಗುಮಾಸ್ತರು ಉಳಿದ ಭಾಗಕ್ಕೆ ರಟ್ಟು ಮುಚ್ಚಿರುತ್ತಿದ್ದರು.

ಮೂರನೇ ದಿನ ಲೇಬರ್ ಆಫೀಸಿಗೆ ಹೋದಳು. ಅಲ್ಲಿದ್ದ ಇನ್ಸ್‌ಪೆಕ್ಟರು ಪೂರ್ತಿ ಕೇಳಿಸಿಕೊಂಡರು. "ಯಾರು ದುಡೀತಾರೋ ಅವರ ಹೆಸರೇ ಬರೀಬೇಕು ಕಣಮ್ಮ. ನಿನ್ನ ಹಾಜರಿ ನೀನು ಕೇಳಿದ್ರೆ ಮುಚ್ಚಿಡಂಗಿಲ್ಲ. ಅದು ಮಾಲೀಕರ ಜವಾಬ್ದಾರಿ. ಆದ್ರೆ ಆ ಹೆಸರಲ್ಲಿ ಬಂದೋಳು ನೀನೇ ಅನ್ನೋಕೆ ಏನಿದೆ?"

ಅಲ್ಲಿಂದ ನೇರ ಸಂಪಿಗೆ ಬಸ್ಸು ಹತ್ತಿದಳು. ಪುಟ್ಟಗಂಗಮ್ಮ ಬೆದರಿದಳು. "ಆಫೀಸು ಗೀಫೀಸು ಅಂದ್ರೆ ನಮ್ಮನೆಯೋರು ಬೈತಾರೆ ಕಣೇ." ಆದರೂ ಬೆಳಗಾಗುವಷ್ಟರಲ್ಲಿ ಮಗುವನ್ನು ಸೊಂಟಕ್ಕೆತ್ತಿಕೊಂಡು ತಾನೇ ಮುಂದೆ ನಡೆದಳು.

ಇನ್ಸ್‌ಪೆಕ್ಟರು ಗುಮಾಸ್ತರ ಕೈಲಿ ಕಾರ್ಖಾನೆಯಿಂದ ಪುಸ್ತಕಗಳನ್ನು ತರಿಸಿದ್ದರು. ಹೋಲಿಸಿ ನೋಡಲು ಪುಟ್ಟಗಂಗಮ್ಮನ ಹೆಬ್ಬೆಟ್ಟನ್ನು ಒಂದು ಹಾಳೆಯ ಮೇಲೆ ಒತ್ತಿಸಿದರು. ಭೂತಮ್ಮ ಮೇಜಿನ ಮೇಲೆ ಬಾಗಿ ಪುಟ ತಿರುಗಿಸುತ್ತಾ ಹೋದಳು. ಒಂದು ಕಡೆ ತಟ್ಟನೆ ನಿಂತಳು. ಅಲ್ಲಿಂದಾಚೆ ಪುಟ್ಟಗಂಗಮ್ಮನ ಹೆಸರಿನ ಪ್ರತಿ ಹೆಬ್ಬೆಟ್ಟಿನ ಗುರುತಿನ ಮಧ್ಯದಲ್ಲೂ ಓರೆಯಾದ ಬಿಳಿ ಗೆರೆ; ಹಾಳೆಯ ಮೇಲಿನ ಗುರುತಿನಲ್ಲಿ ಅದಿರಲಿಲ್ಲ.

"ಇದು ಹೆರೆಯೋ ಚಾಕು ಕುಯ್ದಿದ್ದು ಸಾಮಿ!" ಎಂದು ಎಡ ಹೆಬ್ಬೆರಳು ಚಾಚಿದಳು. ಗಾಯದ ಗೆರೆ ಹಾಗೇ ಇತ್ತು.

ಗೆರೆಗಿಂತ ಹಿಂದಿನ ವರ್ಷಗಳ ಮಾತೇನು ಎಂದರು ಇನ್ಸ್‌ಪೆಕ್ಟರು. ಆಗ ಮೂಲೆಯಲ್ಲಿ ನಿಂತಿದ್ದ ಸದಾಶಿವಯ್ಯ ಬಾಯಿ ಬಿಟ್ಟರು. "ಎಲ್ಲಾ ಈಯಮ್ಮಂದೇ ಸಾರ್. ನಾನೇ ಒತ್ತಿಸಿಕೊಂಡಿದ್ದು."

ಮಾಲೀಕರು ಎರಡು ವಾರ ಎಳೆದಾಡಿ, ಕೊನೆಗೆ ಎಪ್ಪತ್ತಾರರಿಂದಲೇ ಭೂತಮ್ಮ ಎಂದು ಬರೆದು ಕೆಲಸಕ್ಕೆ ಕರೆದುಕೊಂಡರು. ಸದಾಶಿವಯ್ಯನವರನ್ನು ಆ ತಿಂಗಳೇ ಕೆಲಸದಿಂದ ಬಿಡಿಸಿದರು. ಅವರು ಹುಳಿಯಾರಿನ ಕೊಬ್ಬರಿ ಮಂಡಿಗೆ ಸೇರಿದರೆಂದು ಕೇಳಿ ಭೂತಮ್ಮ ಅಲ್ಲಿಗೂ ಹೋದಳು. "ನನ್ನಿಂದ ನಿಮ್ ಕೆಲಸ ಹೋಯ್ತು ಅಯ್ನೋರೆ" ಅಂದಳು. "ಆಗಿದ್ದಾಯ್ತು, ಹೋಗಮ್ಮ" ಎಂದು ಅವರೇ ಕಳಿಸಿದರು.

ಕೆಲಸ ಉಳಿದರೂ ಅವಳ ತಳಮಳ ಇಳಿಯಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಸಿದ್ದಕ್ಕ ಒಂದು ದಿನ ಮೆಲ್ಲಗೆ ಕೇಳಿದಳು. "ನನ್ನ ಹೆಸರು ಆ ಪುಸ್ತಕದಲ್ಲಿ ಏನಂತ ಐತೋ?"

ಭೂತಮ್ಮ ಚಾಕು ಕೆಳಗಿಟ್ಟು, ಸಿದ್ದಕ್ಕನ ತೋಳು ಹಿಡಿದುಕೊಂಡು ಕಾರ್ಖಾನೆಯ ಆಫೀಸಿನ ಕಡೆ ಹೊರಟಳು.