ಬೂತ್ ಲಿಂಗರಾಜುನ ದಾಳ

ನನ್ ಮಾತು ಬರ್ಕೊಳಾಕೆ ಬಂದೋಳು ನೀನು, ಬರ್ಕೊಳ್ಳವ್ವ ರಾಣಿ, ನಗಬ್ಯಾಡ. ಟೆಲಿಫೋನ್ ಬೂತ್ ಮಡಗವ್ನಲ್ಲ ನಮ್ ಸರಗೂರಿನ ಲಿಂಗರಾಜು, ಒಂದ್ಕಾಲಕ್ಕೆ ನನ್ ಜಗಲೀಲಿ ಕತೆ ಕೇಳ್ತಿದ್ದೋನೇ ಅವ್ನು. ಈಗ ನನ್ ಮೊಮ್ಮಕ್ಕಳನ್ನೇ ಬೆಂಚಿನ ಮೇಲೆ ಕೂರಿಸ್ಕೊಂಡು ದಾಳದ ಆಟ ಆಡಿಸ್ತಾನೆ. ಕತೆ ಕಟ್ಟೋನು ಅವ್ನು, ಕತೆಯೊಳಗಿನ ಜನ ಇವ್ರು, ಬದುಕೋದು ಸಾಯೋದು ದಾಳ ಬಿದ್ದಂಗೆ. ಕಾಕನಕೋಟೆ ಕಾಡಲ್ಲಿ ಒಬ್ಬ ರಾಕ್ಷಸ ಬಸ್ಸು ತಡೆದು ಟಿಕೆಟ್ ಕೇಳ್ತಾನಂತೆ. ಅವನ್ನ ಕೊಲ್ಲಾಕೋದ ನಮ್ ಮೊಮ್ಮಗ ಶರತ ಅವ್ನ ತಾವೇ ಕಂಡಕ್ಟರಾದ್ನಂತೆ. ಮೊಮ್ಮಗಳು ಅನುಶ್ರೀ ಊರು ಕಾಪಾಡಿ, ಅದೇ ಊರಿನ ದೇವಸ್ಥಾನದ ಗಂಟೆ ಕದ್ಕೊಂಡು ಬಂದ್ಲಂತೆ. ನನ್ ಕತೇಲಿ ಕಳ್ಳನ್ನ ಹುಲಿ ತಿಂತಿತ್ತು, ಇವ್ನ ಕತೇಲಿ ಕದ್ದಿದ್ರಲ್ಲಿ ಹುಲೀಗೂ ಪಾಲು. ಲಿಂಗರಾಜು ರಾಕ್ಷಸನಂಗೆ ಗಂಟಲು ಮಾಡಿ "ಈಗೇನ್ ಮಾಡ್ತೀರ್ಲಾ" ಅಂದ್ರೆ ಸಾಕು, ಪಕ್ಕದಲ್ಲಿ ಫೋನು ಬಡ್ಕೊಂಡ್ರೂ ಯಾರೂ ಎತ್ತಾಕಿಲ್ಲ. ನನ್ ಕತೆಗೆ ಈಗ ಬೆಕ್ಕೊಂದೇ ಗತಿ. ಹೊಟ್ಟೆ ಉರಿದು, ಈ ಕುಂಟು ಬಲಗಾಲು ಎಳ್ಕೊಂಡೋಗಿ ಅವನ್ನ ಬೈದೂ ಬಂದೆ. ನಿನ್ನೆ ಶರತ ಅಂತಾನೆ, "ಅಜ್ಜಿ, ಆಟದಾಗೆ ಕಾಡಿನ ಕೊನೇ ಗುಡಿಸಲಲ್ಲಿ ಎಡಗಾಲು ಕುಂಟೋ ಅಜ್ಜಿ ಒಬ್ಳವ್ಳೆ. ಅವಳ ಕತೆ ಮುಗಿಯೋಗಂಟ ಯಾವ ಕಳ್ಳನೂ ಎದ್ದೋಗಂಗಿಲ್ಲ, ಅಲ್ಲಿ ದಾಳವೇ ನಡೆಯಾಕಿಲ್ಲ." ಬರ್ದಿದ್ದು ಸಾಕು ರಾಣಿ. ಬೂತಿಗೋಗಿ ಅವ್ನಿಗೆ ಹೇಳ್ಬುಟ್ಟು ಬಾ, ಕುಂಟು ಎಡಗಾಲಲ್ಲ, ಬಲಗಾಲು ಅಂತ.