ಎದುರು ಮನೆಯ ಅಳತೆಗಳು

ಸಿಂಚನಾ, ಪ್ರಣವ,

ಹೋದ ಭಾನುವಾರ ಅಟ್ಟದಿಂದ ನಿಮ್ಮಪ್ಪನ ಹಳೇ ಲ್ಯಾಪ್‌ಟಾಪ್ ಇಳಿಸಿ ಆನ್ ಮಾಡಿದಿರಲ್ಲ, ಅದು ಬಿಸಿಯಾಗುತ್ತಿದ್ದಂತೆ ಸುಟ್ಟ ಧೂಳಿನ ವಾಸನೆ ಬಂತು. ನೀವು ಮೂಗು ಮುಚ್ಚಿಕೊಂಡಿರಿ. ನನಗೆ ಎದುರು ಮನೆಯ ಟೈಲರಮ್ಮ ನೆನಪಾದರು...

ನಿಮ್ಮ ತಾತ ತೀರಿಕೊಂಡ ಮೇಲೆ ವಿದ್ಯಾರಣ್ಯಪುರಂನ ಈ ಬೀದಿಯಲ್ಲಿ ನಾನು ಬ್ಲೌಸ್ ಹೊಲಿದೇ ಮನೆ ನಡೆಸಿದ್ದು. ಹಳ್ಳಿಯಲ್ಲಿ ಏಳನೇ ಕ್ಲಾಸು ಓದಿದವಳು. ಗಿರಾಕಿಗಳ ಎದುರು ಬಾಯಿ ಬಿಡಲೂ ನಾಚಿಕೆ. ಟೈಲರಮ್ಮನೂ ಬ್ಲೌಸ್ ಹೊಲಿಯುತ್ತಿದ್ದರು. ಅವರ ಚರ್ಚಿನ ಆಫೀಸಿನವರು ಬೇಡವೆಂದು ಬಿಟ್ಟ ಕಂಪ್ಯೂಟರನ್ನು ಕೇಳಿ ತಂದು ಹೊಲಿಗೆ ಮೆಷಿನ್ ಪಕ್ಕ ಇಟ್ಟುಕೊಂಡರು. ಬೆನ್ನು ಉಬ್ಬಿದ ಹಳೇ ಟಿವಿಯಂಥದ್ದು, ಬಿಸಿಯಾದರೆ ಇದೇ ಸುಟ್ಟ ಧೂಳಿನ ವಾಸನೆ. ಇಂಟರ್ನೆಟ್ ಇಲ್ಲ, ಹಾಡಿಲ್ಲ. ಸ್ವಿಚ್ ಹಾಕಿ, ಅನ್ನಕ್ಕಿಟ್ಟು ಬಂದರೂ ಇನ್ನೂ ಗೊರಗೊರ ಅನ್ನುತ್ತಿರುತ್ತಿತ್ತು. ಅದಕ್ಕೆ ಅವರು ವಹಿಸಿದ್ದು ಒಂದೇ ಕೆಲಸ, ಗಿರಾಕಿಗಳ ಅಳತೆ. ಎದೆ, ತೋಳು, ಕತ್ತಿನ ಆಳ, ಎಲ್ಲ ಅವರವರ ಹೆಸರಿನ ಮುಂದೆ.

ರಿಪೇರಿಗೆ ಬಂದವನು ನಕ್ಕಿದ್ದ. "ಆಂಟಿ, ಇದನ್ನ ಗುಜರಿಗೆ ಹಾಕ್ಬುಡಿ."

"ನಿನ್ ಹೆಂಡ್ತಿ ತೋಳು ಎಷ್ಟಿಂಚು ಅಂತ ನಿನಗ್ ಗೊತ್ತೇನೋ? ಇದಕ್ ಗೊತ್ತು ಕಣೋ!"

ಬೀದಿಯೆಲ್ಲ ಆ ಮಾತು ಹೇಳಿಕೊಂಡು ನಕ್ಕಿತು. ನನಗೆ ಹೊಟ್ಟೆ ಉರಿಯಿತು. ಅಳತೆ ಬ್ಲೌಸ್ ಹುಡುಕಿ ತರುವ ತಾಪತ್ರಯವಿಲ್ಲವೆಂದು ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ ಬೀದಿ ದಾಟಿದ್ದರು. "ನಿನ್ ಗಿರಾಕಿಗಳ ಅಳತೇನೂ ಹಾಕಿಡ್ತೀನಿ, ಕೊಡಮ್ಮ" ಎಂದು ಟೈಲರಮ್ಮನೇ ಕರೆದರು. ಉಳಿದವರನ್ನೂ ಎಳೆದುಕೊಳ್ಳುವ ಉಪಾಯವೆಂದುಕೊಂಡು ತಲೆ ತಗ್ಗಿಸಿ ಒಳಗೆ ಬಂದೆ.

ಒಮ್ಮೆ ಅವರು ಎರಡು ದಿನ ತಂಗಿಯ ಮನೆಗೆ ಹೋಗಿದ್ದರು. ಅವರ ಗಿರಾಕಿ ಹೆಂಗಸೊಬ್ಬರು ಮಗಳ ಧಾರೆ ಸೀರೆಯ ಬ್ಲೌಸ್ ಬಟ್ಟೆ ಹಿಡಿದು ಬಂದು, ಬೀಗ ನೋಡಿ, ನನ್ನನ್ನು ವಿಚಾರಿಸಿದರು. ನಾಳೆ ಬರುತ್ತಾರೆ ಎನ್ನಬೇಕಿತ್ತು.

"ಅವರ ಕಂಪ್ಯೂಟರ್ ಕೆಟ್ಟೋಗಿದೆ ಕಣ್ರೀ. ಅಳತೆಯೆಲ್ಲ ಹೋಯ್ತಂತೆ. ನಾನೇ ಹೊಲಿದ್ಕೊಡ್ತೀನಿ" ಅಂದೆ. ಅಷ್ಟು ಮಾತು ನನ್ನ ಬಾಯಿಂದ ಹೇಗೆ ಬಂತೋ...

"ಹಂಗಾದ್ರೆ ಅಳತೆ ಬ್ಲೌಸ್ ತಂದ್ಕೊಡ್ಲಾ?"

"ಬೇಡಿ. ನಿಮ್ಮ ಹುಡುಗೀನ ನೋಡಿದೀನಲ್ಲ, ಸಾಕು."

ಟೈಲರಮ್ಮನಿಗೆ ಬೇಡದ ಅಳತೆ ಬ್ಲೌಸ್ ನನಗೇಕೆ ಎಂಬ ಜಂಭ.

ಧಾರೆಯ ಹಿಂದಿನ ದಿನ ಬ್ಲೌಸ್ ವಾಪಸು ಬಂತು. ತೋಳು ಮೊಣಕೈ ದಾಟಿ ಏರಲಿಲ್ಲವಂತೆ. ಹುಡುಗಿ ಅಳುತ್ತಿದ್ದಾಳಂತೆ. ಅರಿಶಿನ ಹಚ್ಚಿದ ಮದುಮಗಳು ಹೊಸಿಲು ದಾಟುವಂತಿರಲಿಲ್ಲ. ಗಂಡನಿಲ್ಲದ ನಾನು ಟೇಪು ಹಿಡಿದು ಆ ಮನೆಗೆ ಹೋಗುವಂತಿರಲಿಲ್ಲ. ಬೇಡವೆಂದ ಅಳತೆ ಬ್ಲೌಸನ್ನು ಈಗ ಕೇಳಲು ಮುಖವಿರಲಿಲ್ಲ. ನಾನೂ ಬೀದಿ ದಾಟಿದೆ.

ಟೈಲರಮ್ಮ ಬ್ಲೌಸ್ ಕೈಗೆ ತೆಗೆದುಕೊಂಡು ಕಂಪ್ಯೂಟರಿನ ಸ್ವಿಚ್ ಹಾಕಿದರು. ಅದು ಏಳುವ ತನಕ ಇಬ್ಬರೂ ಅದರ ಮುಂದೆ ಕುಳಿತೆವು. ಅಷ್ಟು ಉದ್ದದ ಹೊತ್ತನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಕೆಟ್ಟೋಗಿದೆ ಅಂದ್ಯಂತೆ," ಅಂದರು, ನನ್ನ ಕಡೆ ನೋಡದೆ. "ನಿಧಾನ ಅಷ್ಟೆ ಕಣಮ್ಮ. ಕೆಟ್ಟಿಲ್ಲ."

ಹುಡುಗಿಯ ಅಳತೆ ಸಿಕ್ಕಿತು. ಬ್ಲೌಸ್ ತಿರುವಿ ಹಾಕಿ, "ಒಳಗೆ ಬೇಕಾದಷ್ಟು ಬಟ್ಟೆ ಬಿಟ್ಟಿದೀಯ, ಬಚಾವ್" ಅಂದರು. ಒಂದು ತೋಳಿನ ಹೊಲಿಗೆ ಅವರು ಬಿಚ್ಚಿದರು, ಇನ್ನೊಂದು ನಾನು. ಮದುವೆ ಮನೆಗೆ ಅವರೇ ಒಯ್ದು ಕೊಟ್ಟು, ಸರಿ ಮಾಡಿದ ಹೆಸರನ್ನೂ ನನಗೇ ಕೊಟ್ಟು ಬಂದರು.

ಒಳ್ಳೆಯತನದಲ್ಲೂ ನನ್ನನ್ನು ಮೀರಿಸಿಬಿಟ್ಟರಲ್ಲ ಎಂದು ನನಗೆ ಇನ್ನಷ್ಟು ಉರಿಯಿತು. ತಪ್ಪಾಯಿತು ಅಕ್ಕ ಎಂದು ಹೇಳಬೇಕೆಂದುಕೊಂಡೆ. ನಾಳೆ ಹೇಳೋಣ, ಹಬ್ಬ ಕಳೆಯಲಿ ಎಂದು ವರ್ಷಗಳೇ ಹೋದವು...

ಅವರು ತೀರಿಕೊಂಡಾಗ ಚರ್ಚಿನ ಕೊನೆಯ ಸಾಲಿನಲ್ಲಿ ಕುಳಿತಿದ್ದೆ. ಎಷ್ಟೊಂದು ಹೆಂಗಸರು, ಎಲ್ಲ ಅವರು ಹೊಲಿದದ್ದನ್ನೇ ತೊಟ್ಟು ಬಂದಿದ್ದರು. ನಾನು ಸತ್ತರೆ ಇಷ್ಟು ಜನ ಬಂದಾರೆಯೇ ಎಂದು ಅಲ್ಲೂ ಯೋಚಿಸಿದೆ, ನೋಡಿ.

ಈಗ ಬೀದಿಯಲ್ಲಿ ಹೊಲಿಯುವವಳು ನಾನೊಬ್ಬಳೇ. ಎದುರು ಮನೆಗೆ ಬೇರೆ ಯಾರೋ ಬಂದಿದ್ದಾರೆ. ಬಾಗಿಲು ತೆರೆದ ಸದ್ದಾದರೆ ಇವತ್ತಿಗೂ ಕತ್ತೆತ್ತಿ ನೋಡುತ್ತೇನೆ, ಇವತ್ತಾದರೂ ಹೇಳಿಬಿಡೋಣ ಎಂಬಂತೆ. ಅವರಿಗೆ ಹೇಳದೆ ಉಳಿದದ್ದನ್ನು ನಿಮಗೆ ಬರೆದಿದ್ದೇನೆ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ.