ಅವರಿಗೆ ಬೇಕಾದ ಮಂಚ

ಪರದೇಶದ ಈ ಮೆಡೋವೇಲ್ ಊರಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಮಕ್ಕಳ ಡಾಕ್ಟರಾಗಿ ನಿವೃತ್ತರಾದವರು. ಮಗಳು ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಾಗ ಪುಟ್ಟ ಮೊಮ್ಮಗಳು ಇವರಲ್ಲಿಗೆ ಬಂದಳು. ಅವಳನ್ನು ಸಾಕಲು ಸ್ವಂತ ಅಜ್ಜಿಗೂ ಫಾಸ್ಟರ್ ಪೇರೆಂಟ್ ಲೈಸೆನ್ಸ್, ಅಂದರೆ ಸಾಕುಪೋಷಕರ ಪರವಾನಗಿ, ಬೇಕೆಂದರು ಮಕ್ಕಳ ರಕ್ಷಣೆಯ ಸರ್ಕಾರಿ ಆಫೀಸಿನವರು. ಮಕ್ಕಳನ್ನು ಬೆಳೆಸುವುದು ಹೇಗೆಂಬ ತರಬೇತಿಗೆ ಅಜ್ಜಿ ತೆಪ್ಪಗೆ ಹೋಗಿಬಂದರು. ಆಫೀಸಿನ ನಿಯಮದಂತೆ ಮಾತ್ರೆಗಳ ಕಪಾಟಿಗೆ ಬೀಗ ಬಿತ್ತು. ದೇವರ ದೀಪದ ಪಕ್ಕ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಬಂತು. ಅದಕ್ಕೂ ದಿನಾ ಕುಂಕುಮ ಇಡುತ್ತಿದ್ದರು. ಇದೆಲ್ಲ ಯಾಕೆಂದು ನಾನು ಕೇಳಲಿ, ಮೊಮ್ಮಗಳು ಕೇಳಲಿ, ಒಂದೇ ಉತ್ತರ: "ಅವರಿಗೆ ಬೇಕಂತೆ ಕಣಮ್ಮ, ತಂದಿಟ್ಟಿದೀನಿ." ಕೊನೆಗೆ ಮೊಮ್ಮಗಳಿಗೆಂದು ಬೇರೆ ರೂಮು, ಹೊಸ ಮಂಚವೂ ಸಿದ್ಧವಾದವು.

ಮನೆ ಪರೀಕ್ಷಿಸಲು ಆಫೀಸರಮ್ಮ ಬಂದ ದಿನ ನಾನೂ ಅಲ್ಲಿದ್ದೆ. ಹೆಣ್ಣು ನೋಡಲು ಬಂದವರಿಗೆ ಮಾಡುವ ಹಾಗೆ ಅಜ್ಜಿ ಕೇಸರಿಬಾತು, ಉಪ್ಪಿಟ್ಟು ಮಾಡಿದ್ದರು. ಹೊಸ ಮಂಚದ ಬೆಡ್‌ಶೀಟಿನಲ್ಲಿ ಒಂದು ಸುಕ್ಕೂ ಇರಲಿಲ್ಲ.

"ದಿನಾ ಇಲ್ಲೇ ಮಲಗ್ತೀಯಾ?" ಎಂದು ಆಫೀಸರಮ್ಮ ಮೊಮ್ಮಗಳನ್ನು ಇಂಗ್ಲಿಷಿನಲ್ಲಿ ಕೇಳಿದರು.

"ಇಲ್ಲ, ನಾನು ಅಜ್ಜಿ ಪಕ್ಕ ಮಲಗೋದು," ಅವಳೂ ಇಂಗ್ಲಿಷಿನಲ್ಲೇ ಹೇಳಿದಳು. "ಈ ಮಂಚ ನಿಮ್ಮದು. ನಿಮಗೆ ಬೇಕಂತೆ, ಅದಕ್ಕೇ ಅಜ್ಜಿ ತಂದಿದ್ದು."

ಆಫೀಸರಮ್ಮ ಅಜ್ಜಿಯ ಮುಖ ನೋಡಿದರು. ಅಜ್ಜಿ ಅವರ ತಟ್ಟೆಗೆ ಇನ್ನೊಂದು ಸೌಟು ಕೇಸರಿಬಾತು ಬಡಿಸಿದರು.

ಲೈಸೆನ್ಸೇನೋ ಬಂತು. ಆಮೇಲೂ ಅಜ್ಜಿ ಆಫೀಸರಮ್ಮನ ಮಂಚದ ಬೆಡ್‌ಶೀಟನ್ನು ವಾರವಾರ ಒಗೆದು ಹಾಸುತ್ತಿದ್ದರು.